ಚೀಟಿಯಲ್ಲಿ ರೆಟ್ರೋಸ್ಪೈರಾಲಿಸ್, ಹೂವಿನಲ್ಲಿ ಸ್ಪೈರಾಲಿಸ್: ಹತ್ತು ತಿಂಗಳು ಸಾಕಿ ಬರೆದ ವಿಮರ್ಶೆ

ಕಳೆದ ವರ್ಷದ ಜೂನ್ ತಿಂಗಳಲ್ಲಿ ಬೆಂಗಳೂರಿನ ಒಂದು ಆನ್‌ಲೈನ್ ನರ್ಸರಿಯಿಂದ ‘ಕ್ರಿಪ್ಟೋಕೊರೈನ್ ರೆಟ್ರೋಸ್ಪೈರಾಲಿಸ್’ ಎಂಬ ಚೀಟಿಯಿದ್ದ, ಅಕ್ವೇರಿಯಂ ತೊಟ್ಟಿಯ ನೀರಿನಡಿ ಬೆಳೆಸುವ ಟಿಶ್ಯೂ ಕಲ್ಚರ್ ಸಸಿಗಳ ಒಂದು ಡಬ್ಬಿಯನ್ನು ತರಿಸಿದ್ದೆ. ಡಬ್ಬಿಗೆ 280 ರೂಪಾಯಿ, ಸಾಗಣೆಗೆ 120 ರೂಪಾಯಿ. ಇಂಥ ವಸ್ತುಗಳ ಬಗ್ಗೆ ಕೊಂಡ ವಾರದೊಳಗೇ ಅಭಿಪ್ರಾಯ ಬರೆಯುವುದು ಈಗಿನ ರೂಢಿ. ನರ್ಸರಿಯವರೂ ಪೊಟ್ಟಣ ತಲುಪಿದ ಮರುದಿನವೇ ನಕ್ಷತ್ರಗಳನ್ನು ಕೇಳಿ ಸಂದೇಶ ಕಳುಹಿಸಿದ್ದರು. ಆದರೆ ಮೊದಲ ವಾರದಲ್ಲಿ ಬರೆಯಬಹುದಾದದ್ದು ಪೊಟ್ಟಣದ ವಿಮರ್ಶೆಯೇ ಹೊರತು ಗಿಡದ್ದಲ್ಲ. ಈ ಕುಲದ ಗಿಡಗಳಲ್ಲಿ ಎಲೆ ನೋಡಿ ಹೆಸರು ಹೇಳಿದವರು ಮೋಸಹೋಗುವುದೇ ಹೆಚ್ಚು, ಹೂ ನೋಡಿದ ಮೇಲಷ್ಟೇ ಮಾತು ಗಟ್ಟಿ. ನಮ್ಮಲ್ಲಿ ಹೂ ಬಂದದ್ದು ಈ ವರ್ಷದ ಏಪ್ರಿಲ್‌ನಲ್ಲಿ.

ಮೊದಲು ಪೊಟ್ಟಣದ ಮಾತನ್ನು ಮುಗಿಸುತ್ತೇನೆ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗಡಿಯ ಹತ್ತಿರ. ಇಲ್ಲಿಂದ ಮಂಗಳೂರು ಹತ್ತಿರವೇ ಇದ್ದರೂ ವಿಳಾಸದಲ್ಲಿ ಕೇರಳ ಎಂದಿರುವ ಒಂದೇ ಕಾರಣಕ್ಕೆ ಪೊಟ್ಟಣವು ಬೆಂಗಳೂರಿನಿಂದ ಕೊಚ್ಚಿಗೆ ಹೋಗಿ, ಅಲ್ಲಿಂದ ಉತ್ತರಕ್ಕೆ ತಿರುಗಿ, ಕಾಸರಗೋಡಿನಲ್ಲಿ ಒಂದು ದಿನ ಕೂತು, ಆರನೆಯ ದಿನ ಬದಿಯಡ್ಕದ ಕೊರಿಯರ್ ಕಚೇರಿಗೆ ಬಂತು. ಮನೆಗೆ ತಲುಪಿಸುವುದಿಲ್ಲ, ಬಂದು ಒಯ್ಯಬೇಕು ಎಂದರು. ಗಡಿನಾಡಿನ ಕನ್ನಡಿಗರಿಗೆ ಇದು ಹೊಸತಲ್ಲ. ಮಾಮೂಲಿ ಕುಂಡದ ಗಿಡವಾಗಿದ್ದರೆ ಆರು ದಿನದ ಕತ್ತಲೆಯಲ್ಲಿ ಕೊಳೆತುಹೋಗುತ್ತಿತ್ತು. ಡಬ್ಬಿಯೊಳಗಿನ ಸಸಿಗಳು ಮಾತ್ರ ಆಗಷ್ಟೇ ಮುಚ್ಚಿದಂತೆ ಹಸುರಾಗಿದ್ದವು, ಮುಚ್ಚಳದ ಅಂಟುಪಟ್ಟಿಯೂ ಸಡಿಲವಾಗಿರಲಿಲ್ಲ. ಪ್ಯಾಕಿಂಗ್ ವಿಷಯದಲ್ಲಿ ನರ್ಸರಿಯವರಿಗೆ ಪೂರ್ಣ ಅಂಕ ಕೊಡುತ್ತೇನೆ.

ಅಡಿಕೆ ತೋಟದ ನಡುವೆ ಟಿಶ್ಯೂ ಕಲ್ಚರ್ ಬಾಳೆ ನೆಟ್ಟವರಿಗೆ ಈ ವಿಧಾನವನ್ನು ವಿವರಿಸಬೇಕಿಲ್ಲ. ತಾಯಿಗಿಡದ ಒಂದು ಚೂರು ಬೆಳೆಯುವ ತುದಿಯನ್ನು ಕ್ರಿಮಿಶುದ್ಧ ಮಾಡಿ, ಸಕ್ಕರೆ, ಲವಣ ಮತ್ತು ಬೆಳವಣಿಗೆಯ ಹಾರ್ಮೋನುಗಳಿರುವ ಲೋಳೆಯ ಮೇಲೆ ಕೂರಿಸಿದರೆ ಅದು ಕವಲೊಡೆಯುತ್ತ ಹೋಗುತ್ತದೆ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ತಂಬಾಕಿನ ಅಂಗಾಂಶಕ್ಕಾಗಿ ಕಟ್ಟಿಕೊಟ್ಟ ಲವಣಗಳ ಪ್ರಮಾಣವನ್ನೇ ಇಂದಿಗೂ ಬಹುತೇಕ ಪ್ರಯೋಗಾಲಯಗಳು ಸಣ್ಣಪುಟ್ಟ ಬದಲಾವಣೆಯೊಂದಿಗೆ ಬಳಸುತ್ತವೆ. ಇದರಿಂದ ಕೊಳ್ಳುವವನಿಗೆ ಆಗುವ ದೊಡ್ಡ ಲಾಭವೆಂದರೆ ಬಸವನಹುಳುವಿನ ಮೊಟ್ಟೆಯಾಗಲಿ ಪಾಚಿಯಾಗಲಿ ಗಿಡದೊಂದಿಗೆ ತೊಟ್ಟಿಗೆ ಬರುವುದಿಲ್ಲ. ನನ್ನ ಡಬ್ಬಿಯಲ್ಲಿ ಎಣಿಸಿ 14 ಸಸಿಗಳಿದ್ದವು, ಒಂದೊಂದೂ ಮೂರು ಸೆಂಟಿಮೀಟರಿನಷ್ಟು ಎತ್ತರ, ಬೇರು ಬಿಳಿ. ಲೋಳೆಯನ್ನು ಒಂದಿಷ್ಟೂ ಉಳಿಯದಂತೆ ತೊಳೆಯಬೇಕು. ಅದರಲ್ಲಿರುವ ಸಕ್ಕರೆ ತೊಟ್ಟಿಯಲ್ಲಿ ಸೇರಿದರೆ ಎರಡೇ ದಿನದಲ್ಲಿ ಬೇರಿನ ಸುತ್ತ ಬಿಳಿಯ ಬೂಷ್ಟು ಹಿಡಿಯುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಅಲುಗಾಡಿಸಿದರೆ ತಾನಾಗಿ ಬಿಡುತ್ತದೆ.

ನಮ್ಮ ತೊಟ್ಟಿ ಎರಡು ಅಡಿ ಉದ್ದದ್ದು, ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ನೀರು ಮನೆಯ ಹಿಂದಿನ ಗುಡ್ಡದ ಸುರಂಗದ್ದು. ಬಾಯಾರು, ಎಣ್ಮಕಜೆಯ ಕಡೆಯ ಮನೆಗಳಲ್ಲಿ ಇರುವಂತೆ, ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ, ಒಬ್ಬ ಮನುಷ್ಯ ಬಗ್ಗಿ ನಡೆಯಬಹುದಾದಷ್ಟು ಅಗಲದ ಸುರಂಗ ಅದು. ಅಜ್ಜನ ಕಾಲದಿಂದ ಕುಡಿಯುವುದೂ ಅದೇ ನೀರನ್ನು. ಕೈಯಲ್ಲಿ ಹಿಡಿಯುವ ಮೀಟರಿನಲ್ಲಿ ಅಳೆದರೆ ಕರಗಿದ ಲವಣದ ಅಂಶ ಲೀಟರಿಗೆ 40 ಮಿಲಿಗ್ರಾಂ ಆಸುಪಾಸು, ಪಿಎಚ್ 6.2. ಡಬ್ಬಿಯ ಜೊತೆ ಬಂದ ಇಂಗ್ಲಿಷ್ ಸೂಚನಾಪತ್ರದಲ್ಲಿ ನೀರು ಗಡಸಾಗಿದ್ದರೆ ಆರ್‌ಒ ಯಂತ್ರದ ನೀರನ್ನು ಬೆರೆಸಿ ಎಂದಿತ್ತು. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಅದು ಸರಿಯಾದ ಸಲಹೆಯೇ ಇರಬಹುದು. ನಮ್ಮ ಕಡೆಯವರ ತೊಂದರೆ ತದ್ವಿರುದ್ಧವಾದದ್ದು: ಸುರಂಗದ ನೀರು ಮೆದುವಾಗಿ ಮೆದುವಾಗಿ ಗಿಡಕ್ಕೆ ಬೇಕಾದ ಪೊಟ್ಯಾಷ್ ಮತ್ತು ಸುಣ್ಣದ ಅಂಶವೂ ಅದರಲ್ಲಿರುವುದಿಲ್ಲ. ಅದರ ಮಾತು ಸೂಚನಾಪತ್ರದಲ್ಲಿ ಒಂದು ಸಾಲೂ ಇಲ್ಲ.

ತಳಕ್ಕೆ ಅಂಗಡಿಯ ‘ಅಕ್ವಾ ಸಾಯಿಲ್’ ಕೊಳ್ಳಲಿಲ್ಲ. ಮುರಕಲ್ಲನ್ನು ಕುಟ್ಟಿ, ಜರಡಿ ಹಿಡಿದು, ಕಡಲೆ ಗಾತ್ರದ ಚೂರುಗಳನ್ನು ಮಾತ್ರ ಉಳಿಸಿ, ಕೆಂಪು ನೀರು ಬಿಡುವುದು ನಿಲ್ಲುವ ತನಕ ತೊಳೆದು ಅಡಿಯಲ್ಲಿ ಎರಡು ಅಂಗುಲ ಹಾಕಿದೆ, ಮೇಲೆ ಹೊಳೆಮರಳು. ಮುರಕಲ್ಲಿನಲ್ಲಿ ಕಬ್ಬಿಣ ಧಾರಾಳ. ಗಾಳಿಯಾಡುವ ಕಡೆ ಅದು ತುಕ್ಕಿನ ರೂಪದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮರಳಿನಡಿಯ ಆಮ್ಲಜನಕವಿಲ್ಲದ ಪದರದಲ್ಲಿ ಕರಗುವ ರೂಪಕ್ಕೆ ಬದಲಾಗಿ ಬೇರಿಗೆ ದಕ್ಕುತ್ತದೆ. ಕ್ರಿಪ್ಟೋಕೊರೈನ್ ಬೇರಿನಿಂದ ಉಣ್ಣುವ ಗಿಡವಾದ್ದರಿಂದ ಇದು ಅದಕ್ಕೆ ಒಗ್ಗುತ್ತದೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಶಾಲಾ ಪಾಠ; 1980ರ ದಶಕದಲ್ಲಿ ಡ್ಯುಪ್ಲಾ ಎಂಬ ಜರ್ಮನ್ ಕಂಪೆನಿ ಇದೇ ಬಗೆಯ ಮಣ್ಣನ್ನು ಅಕ್ವೇರಿಯಂ ಗೊಬ್ಬರವಾಗಿ ಪೊಟ್ಟಣ ಕಟ್ಟಿ ಮಾರಿದ್ದು ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲ. ಗೋಡೆ ಕಟ್ಟಿ ಉಳಿದ ತುಂಡುಗಳು ಅಂಗಳದ ಮೂಲೆಯಲ್ಲಿ ಬಿದ್ದಿರುವ ಮನೆಯವರು ಅದಕ್ಕೆ ಹಣ ಕೊಡಬೇಕಾಗಿಲ್ಲ.

ನೆಟ್ಟ ಒಂಬತ್ತನೆಯ ದಿನ ಎಲೆಗಳು ಅಂಚಿನಿಂದ ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಲೋಳೆಯಾಗಿ ಕರಗತೊಡಗಿದವು. ಹದಿನಾಲ್ಕನೆಯ ದಿನಕ್ಕೆ ಮರಳಿನ ಮೇಲೆ ಕಾಣುವಂಥದು ಏನೂ ಉಳಿಯಲಿಲ್ಲ. ಈ ಕುಲದ ಗಿಡಗಳು ಜಾಗ ಬದಲಾದಾಗ ಹೀಗೆ ಎಲೆ ಕಳಚಿಕೊಳ್ಳುವುದು ಸ್ವಭಾವ; ಡಬ್ಬಿಯ ಒದ್ದೆ ಗಾಳಿಯಲ್ಲಿ, ಲೋಳೆಯ ಸಕ್ಕರೆ ತಿಂದು ಹುಟ್ಟಿದ ತೆಳು ಎಲೆಗಳು ನೀರಿನಡಿಯ ಬದುಕಿಗೆ ಒಗ್ಗುವುದಿಲ್ಲ. ಗಡ್ಡೆ ಮತ್ತು ಬೇರು ಜೀವಂತವಾಗಿದ್ದರೆ ಹೊಸ ಎಲೆ ಬರುತ್ತದೆ. ಇಷ್ಟು ಮುಖ್ಯವಾದ ಸಂಗತಿಯನ್ನು ಸೂಚನಾಪತ್ರದ ಕೊನೆಯ ಸಾಲಿನಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ ಮುದ್ರಿಸಿದ್ದಾರೆ. ಹೊಸಬರು ಗಿಡ ಸತ್ತಿತೆಂದು ಕಿತ್ತು ಎಸೆಯುವುದು ಈ ಹಂತದಲ್ಲಿಯೇ. ಕರಗಿದ ಎಲೆಗಳನ್ನು ಸಣ್ಣ ಕೊಳವೆಯಲ್ಲಿ ಹೀರಿ ತೆಗೆದು, ಗಡ್ಡೆಯನ್ನು ಮುಟ್ಟದೆ ಬಿಟ್ಟೆ. ಇಪ್ಪತ್ತಮೂರನೆಯ ದಿನ ಸೂಜಿಯಂಥ ಮೊದಲ ಎಲೆ ಮೇಲೆ ಬಂತು, 14ರಲ್ಲಿ 11 ಸಸಿಗಳು ಉಳಿದವು.

ಆ ಪತ್ರದಲ್ಲಿ ಇನ್ನೊಂದು ಉತ್ಪ್ರೇಕ್ಷೆ ಇದೆ: ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ‘ಅತ್ಯಗತ್ಯ’ವಂತೆ. ಅದೇ ನರ್ಸರಿ ಸಿಲಿಂಡರನ್ನೂ ಮಾರುತ್ತದೆ ಎಂಬುದನ್ನು ಓದುಗರು ಗಮನಿಸಬಹುದು. ನಾನು ಹಾಕಲಿಲ್ಲ. 10 ವ್ಯಾಟಿನ ಎಲ್‌ಇಡಿ ದೀಪವನ್ನು ದಿನಕ್ಕೆ ಏಳು ಗಂಟೆ ಉರಿಸಿದೆ, ಅಷ್ಟೆ. ನಾಲ್ಕನೆಯ ತಿಂಗಳಲ್ಲಿ ಹಳೆಯ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಾಣಿಸಿಕೊಂಡವು. ಅದು ಪೊಟ್ಯಾಷ್ ಕೊರತೆಯ ಗುರುತು. ತೋಟಕ್ಕೆ ತಂದಿದ್ದ ಬಿಳಿ ಪೊಟ್ಯಾಷಿನಿಂದ ವಾರಕ್ಕೊಮ್ಮೆ ಕಾಲು ಗ್ರಾಂ ಕರಗಿಸಿ ಹಾಕಿದ ಮೇಲೆ ಹೊಸ ಎಲೆಗಳಲ್ಲಿ ತೂತು ಬರಲಿಲ್ಲ. ಗೊಬ್ಬರದ ಕೋಣೆಯಲ್ಲಿ ಪಕ್ಕದಲ್ಲೇ ಇರುವ ಯೂರಿಯಾಕ್ಕೆ ಮಾತ್ರ ಕೈಹಾಕಬಾರದು, ಅದು ನೀರಿನಲ್ಲಿ ಅಮೋನಿಯವಾಗಿ ಮೀನುಗಳನ್ನು ಕೊಲ್ಲುತ್ತದೆ.

ಇನ್ನು ಗುರುತಿನ ವಿಚಾರ. ಸಂಶಯ ಹುಟ್ಟಿದ್ದು ಐದನೆಯ ತಿಂಗಳಲ್ಲಿ. ರೆಟ್ರೋಸ್ಪೈರಾಲಿಸ್ ಬಂಡೆಗಳ ನಡುವೆ ಹರಿಯುವ ಹೊಳೆಗಳ ಗಿಡ. ಅದರ ಎಲೆ ರಿಬ್ಬನ್ನಿನಂತೆ ಕಿರಿದು, ಪ್ರವಾಹಕ್ಕೆ ಬಾಗುವಂಥದು. ಆ ಚೀಟಿಯನ್ನು ನಂಬಿ ಸಸಿಗಳನ್ನು ಫಿಲ್ಟರಿನ ನೀರು ರಭಸವಾಗಿ ಬೀಳುವ ಮೂಲೆಯಲ್ಲಿ ನೆಟ್ಟಿದ್ದೆ. ಅಲ್ಲಿದ್ದವು ಕುಗ್ಗಿದವು, ಗಿಡ ಹೆಚ್ಚಾಯಿತೆಂದು ನೀರು ನಿಂತಂತಿರುವ ಇನ್ನೊಂದು ತುದಿಗೆ ಸರಿಸಿದ್ದ ನಾಲ್ಕು ಮಾತ್ರ ಒಂದೂವರೆ ಸೆಂಟಿಮೀಟರ್ ಅಗಲದ, ಅಂಗೈಗಿಂತ ಉದ್ದದ, ಈಟಿಯಾಕಾರದ ಎಲೆ ಬಿಟ್ಟವು. ಆದರೂ ಎಲೆಯ ಅಗಲ ಬೆಳಕು ಗೊಬ್ಬರಗಳಿಗೆ ತಕ್ಕಂತೆ ಬದಲಾಗುವುದರಿಂದ ಅದನ್ನು ಸಾಕ್ಷಿಯಾಗಿ ಹಿಡಿಯಲಾಗದು.

ಹೂ ಇಲ್ಲದೆಯೂ ಮಾಡಬಹುದಾದ ಎರಡು ಪರೀಕ್ಷೆಗಳು ಕೊಳ್ಳುವವರಿಗೆ ಉಪಯುಕ್ತ. ಮೊದಲನೆಯದು ಇದು ವ್ಯಾಲಿಸ್ನೇರಿಯ ಎಂಬ ಬೇರೊಂದು ನೀರುಗಿಡ ಅಲ್ಲವೆಂದು ಖಚಿತಪಡಿಸಿಕೊಳ್ಳುವುದು. ಅಂಗಡಿಗಳಲ್ಲಿ ಕಿರಿದೆಲೆಯ ಯಾವ ಗಿಡವನ್ನೂ ಆ ಹೆಸರಿನಿಂದ ಮಾರುವುದುಂಟು, ಅದರಲ್ಲೂ ಒಂದು ‘ಸ್ಪೈರಾಲಿಸ್’ ಇರುವುದರಿಂದ ಗೊಂದಲ ಇಮ್ಮಡಿ. ವ್ಯಾಲಿಸ್ನೇರಿಯದ ಎಲೆಗೆ ತೊಟ್ಟಿಲ್ಲ, ಬುಡದಿಂದಲೇ ಪಟ್ಟಿಯಂತೆ ಏಳುತ್ತದೆ. ಕ್ರಿಪ್ಟೋಕೊರೈನಿಗೆ ತೊಟ್ಟೂ ನಡುನರವೂ ಸ್ಪಷ್ಟ. ಎರಡನೆಯದು ಲಜೆನಾಂಡ್ರದಿಂದ ಬೇರ್ಪಡಿಸುವುದು. ಇವೆರಡೂ ಕೆಸುವಿನ ಕುಟುಂಬದ ಅಕ್ಕತಂಗಿಯರು. ಬಿಚ್ಚಿಕೊಳ್ಳದ ಎಳೆಯ ಎಲೆಯೊಂದನ್ನು ಅಡ್ಡ ಕೊಯ್ದು ಲೆನ್ಸಿನಲ್ಲಿ ನೋಡಬೇಕು: ಎರಡೂ ಅಂಚುಗಳು ಒಳಮುಖವಾಗಿ ನಡುನರದ ಕಡೆಗೆ, ಎರಡು ಬದಿಯಿಂದ ಸುತ್ತಿದ ಚಾಪೆಯಂತೆ ಸುರುಳಿಗೊಂಡಿದ್ದರೆ ಲಜೆನಾಂಡ್ರ, ಒಂದು ಅಂಚು ಇನ್ನೊಂದನ್ನು ಸುತ್ತಿಕೊಂಡು, ವೀಳ್ಯದೆಲೆಯ ಸುರುಳಿಯಂತೆ ಒಂದೇ ಸುತ್ತಾಗಿದ್ದರೆ ಕ್ರಿಪ್ಟೋಕೊರೈನ್. ನನ್ನದು ಒಂದೇ ಸುತ್ತಿನದು. ಕೊಯ್ಯುವಾಗ ಕೈ ತುರಿಸಬಹುದು, ಪತ್ರೊಡೆಗೆ ಕೆಸುವಿನೆಲೆ ಹೆಚ್ಚಿದವರಿಗೆ ಆ ತುರಿಕೆಯ ಪರಿಚಯವಿದೆ. ಎರಡರಲ್ಲೂ ಇರುವುದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳೇ.

ಹೂ ಬೇಕೆಂದರೆ ಗಿಡವನ್ನು ನೀರಿನಿಂದ ಮೇಲೆ ತರಬೇಕು. ಇವು ಮಳೆಗಾಲದಲ್ಲಿ ಮುಳುಗಿ, ನೀರು ಇಳಿದಾಗ ಕೆಸರಿನ ಮೇಲೆ ನಿಂತು ಹೂ ಬಿಡುವ ಗಿಡಗಳು. ನವೆಂಬರಿನಲ್ಲಿ ಎರಡು ಗಿಡಗಳನ್ನು ಮರಳು, ಕೆಮ್ಮಣ್ಣು, ಕೊಳೆತ ತರಗೆಲೆ ಬೆರೆಸಿದ ಮಣ್ಣಿನ ಚಟ್ಟಿಯಲ್ಲಿ ನೆಟ್ಟು, ಚಟ್ಟಿಯನ್ನು ಎರಡು ಬೆರಳು ನೀರಿರುವ ಬೋಗುಣಿಯಲ್ಲಿ ಇಟ್ಟು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಪೂರ್ವದ ಕಿಟಕಿಯ ಬಳಿ ಇರಿಸಿದೆ. ಹೊದಿಕೆಯನ್ನು ದಿನಕ್ಕೊಂದಿಷ್ಟು ಸರಿಸುತ್ತ ಮೂರು ವಾರದಲ್ಲಿ ತೆಗೆದುಬಿಟ್ಟೆ. ಪಕ್ಕದ ಮನೆಯ ಹುಡುಗ ಒಂದು ದಿನ ಬಂದವನು ಚಟ್ಟಿಯನ್ನು ನೋಡಿ, “ಮಾವ, ಇದು ನಮ್ಮ ಬೈಲಿನ ಕರೆಯಲ್ಲಿ ಉಂಟಲ್ಲ, ಇದಕ್ಕೆ ನೀವು ದುಡ್ಡು ಕೊಟ್ಟದ್ದಾ?” ಎಂದು ಕೇಳಿದ. ಬೈಲಿನ ಕರೆಯೆಂದರೆ ಗದ್ದೆಯ ಅಂಚು. ಎಲೆ ನೋಡಿ ಹಾಗೆಲ್ಲ ಹೇಳಲಾಗದು ಎಂದು ಅವನಿಗೆ ಗಂಭೀರವಾಗಿ ತಿಳಿಹೇಳಿದೆ. ಅವನು ಹೇಳಿದ್ದೇ ಸರಿ ಎಂದು ತಿಳಿಯಲು ಮತ್ತೆ ನಾಲ್ಕು ತಿಂಗಳು ಬೇಕಾದವು.

ಏಪ್ರಿಲ್ ಎರಡನೆಯ ವಾರ ಎಲೆಗಳ ಬುಡದಿಂದ ಕಡು ನೇರಳೆಯ ಒಂದು ನಾಲಗೆ ಎದ್ದು ನಿಂತಿತು. ಸುವರ್ಣಗಡ್ಡೆಯ ಹೂ ಕಂಡವರಿಗೆ ಈ ಕುಟುಂಬದ ರಚನೆ ಅಪರಿಚಿತವಲ್ಲ: ಒಂದು ಹೊದಿಕೆ, ಅದರೊಳಗೆ ಒಂದು ದಿಂಡು. ಕ್ರಿಪ್ಟೋಕೊರೈನಿನಲ್ಲಿ ಹೊದಿಕೆಯ ಬುಡ ಮುಚ್ಚಿ ಪುಟ್ಟ ಕೊಡದಂತಾಗಿರುತ್ತದೆ, ದಿಂಡು ಪೂರ್ತಿಯಾಗಿ ಆ ಕೊಡದೊಳಗೆ ಅಡಗಿರುತ್ತದೆ. ಗ್ರೀಕ್ ಭಾಷೆಯಲ್ಲಿ ‘ಅಡಗಿದ ಗದೆ’ ಎಂಬ ಅರ್ಥದ ಕುಲನಾಮ ಬಂದದ್ದೇ ಇದರಿಂದ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ತಳದಲ್ಲಿ ಹೆಣ್ಣು ಹೂಗಳು ಒಂದಕ್ಕೊಂದು ಬೆಸೆದು ಒಂದೇ ಉಂಗುರವಾಗಿದ್ದವು. ಲಜೆನಾಂಡ್ರವಾಗಿದ್ದರೆ ಅವು ಬಿಡಿಬಿಡಿಯಾಗಿ ಸುತ್ತುಸುತ್ತಾಗಿ ಕೂತಿರುತ್ತಿದ್ದವು. ಅಲ್ಲಿಗೆ ಕುಲ ನಿಶ್ಚಯವಾಯಿತು. ಜಾತಿಯನ್ನು ನಿಶ್ಚಯಿಸಿದ್ದು ಕೊಡದ ಮೇಲಿನ ಭಾಗ. ರೆಟ್ರೋಸ್ಪೈರಾಲಿಸ್ ಆಗಿದ್ದರೆ ಕೊಡಕ್ಕೂ ಮೇಲಿನ ನಾಲಗೆಗೂ ನಡುವೆ ಒಂದು ಕೊಳವೆ ಇರಬೇಕು, ನಾಲಗೆ ತಿರುಪಿನಂತೆ ಬಿಗಿಯಾಗಿ ಹೊಸೆದುಕೊಂಡಿರಬೇಕು. ಇಲ್ಲಿ ಕೊಳವೆಯೇ ಇಲ್ಲವೆನ್ನಬಹುದು, ನಾಲಗೆ ಕೊಡದ ಬಾಯಿಂದ ನೇರವಾಗಿ ಎದ್ದಿದೆ, ಅದರ ಒಳಮೈಯಲ್ಲಿ ಮೇಲಿನಿಂದ ಕೆಳಗಿನ ತನಕ ಮಡಿಕೆ ಹಾಕಿದ ಬಟ್ಟೆಯಂತೆ ಅಡ್ಡಡ್ಡ ಏಣುಗಳಿವೆ. ಆ ಏಣುಗಳು ಕ್ರಿಪ್ಟೋಕೊರೈನ್ ಸ್ಪೈರಾಲಿಸ್‌ನ ಮುದ್ರೆ.

ಹೆಸರುಗಳ ತಮಾಷೆಯೆಂದರೆ, ‘ಸುರುಳಿ’ ಎಂಬ ಹೆಸರನ್ನು ಮೊದಲು ಪಡೆದ ಸ್ಪೈರಾಲಿಸ್‌ನ ಹೂವಿಗೆ ಸುರುಳಿ ಅಷ್ಟಕ್ಕಷ್ಟೆ. ಸ್ವೀಡನ್ನಿನ ರೆಟ್ಸಿಯಸ್ 1779ರಲ್ಲಿ ಇದನ್ನು ಆರಮ್ ಕುಲದಲ್ಲಿ ಸೇರಿಸಿ ವರ್ಣಿಸಿದ. 1830ರಲ್ಲಿ ಅದು ಕ್ರಿಪ್ಟೋಕೊರೈನ್ ಆಯಿತು. ನಿಜವಾಗಿ ತಿರುಪಿನಂತಿರುವ ಇನ್ನೊಂದಕ್ಕೆ ಕಲ್ಕತ್ತೆಯ ಸಸ್ಯೋದ್ಯಾನದ ರಾಕ್ಸ್‌ಬರ್ಗ್ ‘ರೆಟ್ರೋಸ್ಪೈರಾಲಿಸ್’ ಎಂಬ ಹೆಸರನ್ನು ಕೊಟ್ಟ. ಎರಡೂ ಭಾರತದವೇ, ಎರಡೂ ಮಲಬಾರಿನ ಕಡೆ ಸಿಗುವಂಥವೇ, ಹೆಸರಿನಲ್ಲಿ ವ್ಯತ್ಯಾಸ ಐದಾರು ಅಕ್ಷರ; ಚೀಟಿ ಬರೆಯುವವರು ತಪ್ಪಿದರೆ ಆಶ್ಚರ್ಯವಿಲ್ಲ.

ಆಶ್ಚರ್ಯವಿಲ್ಲದಿದ್ದರೂ ಆಕ್ಷೇಪವಿದೆ. ತಾಯಿಗಿಡಕ್ಕೆ ಒಮ್ಮೆ ತಪ್ಪು ಹೆಸರು ಬಿದ್ದರೆ ಈ ವಿಧಾನದಲ್ಲಿ ಅದೇ ತಪ್ಪು ಪ್ರತಿಯೊಂದು ಡಬ್ಬಿಯ ಮೇಲೂ ಅಚ್ಚಾಗುತ್ತದೆ. ಕೊಂಡವನು ಹೊಳೆಯ ಗಿಡವೆಂದು ರಭಸದ ನೀರಿನಲ್ಲಿ ನೆಡುತ್ತಾನೆ, ಗದ್ದೆಬದಿಯ ಗಿಡ ಅಲ್ಲಿ ಸೊರಗುತ್ತದೆ, ತಪ್ಪು ತನ್ನ ನೀರಿನದೋ ಗೊಬ್ಬರದ್ದೋ ಎಂದು ಅವನು ತಲೆಕೆಡಿಸಿಕೊಳ್ಳುತ್ತಾನೆ. ನನಗೆ ಐದು ತಿಂಗಳು ಹಾಗೆಯೇ ಹೋದವು. ಸೀಳಿದ ಹೂವಿನ ಚಿತ್ರಗಳನ್ನು ನರ್ಸರಿಗೆ ಕಳುಹಿಸಿದಾಗ ಎರಡನೆಯ ದಿನ ಉತ್ತರ ಬಂತು. ತಾಯಿಗಿಡವನ್ನು ಬೇರೊಬ್ಬ ಬೆಳೆಗಾರರಿಂದ ಅದೇ ಹೆಸರಿನಲ್ಲಿ ಪಡೆದದ್ದೆಂದೂ ತಾವು ಹೂ ಬರಿಸಿ ನೋಡಿರಲಿಲ್ಲವೆಂದೂ ಒಪ್ಪಿಕೊಂಡು, ಹಣ ವಾಪಸು ಅಥವಾ ಇನ್ನೊಂದು ಡಬ್ಬಿ ಎಂದರು. ಮಾತಿನಲ್ಲಿ ಮರ್ಯಾದೆ ಇತ್ತು, ವಾದ ಮಾಡಲಿಲ್ಲ. ಆದರೆ ಇದನ್ನು ಬರೆಯುವ ಹೊತ್ತಿಗೂ ಅವರ ಮಾರಾಟದ ಪುಟದಲ್ಲಿ ಹಳೆಯ ಹೆಸರೇ ಇದೆ, ಬೆಲೆಯೂ ಹಾಗೆಯೇ.

ನಮ್ಮ ಕಡೆ ಈ ಗಿಡ ಸಾಕುವವರಿಗೆ ನರ್ಸರಿಯವರು ಹೇಳಲಾರದ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಬೀಳುತ್ತದೆ. ಆ ದಿನಗಳಲ್ಲಿ ತೋಟದ ಕಣಿಯ ನೀರನ್ನಾಗಲಿ, ತೋಟದ ಕೆಳಗಿನ ತೋಡಿನ ನೀರನ್ನಾಗಲಿ ತೊಟ್ಟಿಗೆ ತುಂಬಬಾರದು. ಮದ್ದಿನ ಕೈಯನ್ನು ಸರಿಯಾಗಿ ತೊಳೆಯದೆ ತೊಟ್ಟಿಗೆ ಇಳಿಸಿದ್ದರಿಂದ ನನ್ನ ಚೆರ್ರಿ ಸಿಗಡಿಗಳೆಲ್ಲ ಜುಲೈಯಲ್ಲಿ ಒಂದೇ ರಾತ್ರಿಗೆ ಹೋದವು. ತಾಮ್ರವನ್ನು ಸಿಗಡಿಗಳು ಒಂದಿಷ್ಟೂ ತಡೆಯವು. ಇದರಲ್ಲಿ ನರ್ಸರಿಯ ತಪ್ಪೇನಿಲ್ಲ.

ಬೈಲಿನ ಕರೆಯಲ್ಲಿ ಪುಕ್ಕಟೆ ಸಿಗುವಾಗ 400 ರೂಪಾಯಿ ಕೊಡಬೇಕೇ ಎಂದು ಕೇಳುವವರಿದ್ದಾರೆ. ಕೊಡಬಹುದು ಎಂದೇ ನನ್ನ ಅಭಿಪ್ರಾಯ. ಗದ್ದೆಯಿಂದ ಕಿತ್ತು ತಂದರೆ ಜಿಗಣೆ, ಬಸವನಹುಳು, ಪಾಚಿ ಎಲ್ಲವೂ ಜೊತೆಗೆ ಬರುತ್ತವೆ. ಗದ್ದೆಗಳೇ ಅಡಿಕೆ ತೋಟಗಳಾಗುತ್ತಿರುವ ಊರಿನಲ್ಲಿ ಉಳಿದಿರುವ ನಾಲ್ಕು ಬುಡಗಳನ್ನು ಕೀಳುವುದೂ ಸರಿಯಲ್ಲ. ಗಿಡದ ಆರೋಗ್ಯಕ್ಕೆ ಐದರಲ್ಲಿ ಐದು, ಪ್ಯಾಕಿಂಗಿಗೆ ಐದು, ಸೂಚನಾಪತ್ರಕ್ಕೆ ಎರಡು, ಹೆಸರಿನ ಚೀಟಿಗೆ ಸೊನ್ನೆ.

ಹಣದ ಬದಲು ಇನ್ನೊಂದು ಡಬ್ಬಿಯನ್ನೇ ಆರಿಸಿಕೊಂಡೆ. ಈ ಸಲ ಮಂಗಳೂರಿನ ತಂಗಿಯ ಮನೆಯ ವಿಳಾಸ ಕೊಟ್ಟದ್ದರಿಂದ ಎರಡೇ ದಿನಕ್ಕೆ ತಲುಪಿತು. ಚೀಟಿಯಲ್ಲಿ ಕ್ರಿಪ್ಟೋಕೊರೈನ್ ವೆಂಡ್ಟಿಐ ಎಂದಿದೆ, ಶ್ರೀಲಂಕಾದ ಗಿಡ. ಅದರ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ತೊಟ್ಟಿಯ ಗಾಜಿಗೆ ಅಂಟಿಸಿದ್ದೇನೆ. ಅಳಿಸುವ ರಬ್ಬರನ್ನು ಹೂ ಬಂದ ಮೇಲೆ ಹುಡುಕಿದರಾಯಿತು.